ಅವಳ ಮುಂದೆ ಓಡುವವನು

ಮುಂದೆ ಓಡುತ್ತಿದ್ದ ಯಿರ್ಗಾ ಬಲಗೈಯನ್ನು ಬೆನ್ನ ಹಿಂದೆ ತಂದು ನೆಲದ ಕಡೆಗೆ ಬೆರಳು ಮಾಡಿದ. ಅಸ್ನಾಕೆ ನಿಂತುಬಿಟ್ಟ. ಏನೋ ಬಿದ್ದಿದೆ, ಎತ್ತಿಕೊಡು ಅನ್ನುತ್ತಿದ್ದಾನೆ ಎಂದುಕೊಂಡ. ಬಗ್ಗಿ ನೋಡಿದರೆ ಇಬ್ಬನಿ ಹೆಪ್ಪುಗಟ್ಟಿದ ಹುಲ್ಲು, ಹುಲ್ಲಿನೊಳಗೆ ಕಡಿದ ನೀಲಗಿರಿ ಮರದ ಒಂದು ಬುಡ, ಅಷ್ಟೇ. ಅಷ್ಟರಲ್ಲಿ ಹಿಂದಿನವನು ಬಂದು ಅವನ ಸೊಂಟಕ್ಕೆ ಗುದ್ದಿದ. ಅವನಿಗೆ ಅವನ ಹಿಂದಿನವಳು, ಅವಳಿಗೆ ಇನ್ನೊಬ್ಬ. ಇಡೀ ಸಾಲು ಮುದ್ದೆಯಾಗಿ ನಿಂತಿತು.

"ಏನಯ್ಯಾ, ಏನ್ ಕಳ್ಕೊಂಡೆ?" ಎಂದು ಯಾರೋ ಕೇಳಿದರು.

"ಇಲ್ಲ, ಅವರು ತೋರಿಸಿದ್ರಲ್ಲ..."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಾಡಿಗೆ ಕಾಡೇ ನಕ್ಕಿತು. ಫಂತಾಯೆ ಎಂಬ ಹುಡುಗಿ ನೀಲಗಿರಿ ಮರವನ್ನು ಅಪ್ಪಿಕೊಂಡು ನಕ್ಕಳು. ಯಿರ್ಗಾ ಹಿಂದಕ್ಕೆ ಬಂದು ಅಸ್ನಾಕೆಯ ಹೆಗಲ ಮೇಲೆ ಕೈಯಿಟ್ಟ. "ಬುಡ ಇದೆ, ಎಡವಬೇಡ ಅಂತ ಕಣೋ. ನಾನು ನಿನಗೆ ತೋರಿಸ್ತೀನಿ, ನೀನು ನಿನ್ನ ಹಿಂದಿನವರಿಗೆ ತೋರಿಸ್ಬೇಕು, ಅವರು ಅವರ ಹಿಂದಿನವರಿಗೆ. ಸಾಲಿನಲ್ಲಿ ಓಡೋವಾಗ ಮುಂದಿನವನ ಬೆನ್ನು ಬಿಟ್ಟು ಬೇರೇನಾದ್ರೂ ಕಾಣುತ್ತಾ ಹೇಳು?"

ಕೋಚ್ ಮೆಕುರಿಯಾ ನಗಲಿಲ್ಲ. ದಪ್ಪ ಬಿಳಿ ಹೊದಿಕೆಯೊಳಗಿಂದ ಒಂದು ಕೈ ಹೊರಗೆ ತೆಗೆದು ಸಾಲಿನ ಕೊನೆಯ ಕಡೆ ತೋರಿಸಿದ. "ಹೊಸಬ, ಅಲ್ಲಿ. ಮೊದಲು ನೋಡಿ ಕಲಿ."

ಅಸ್ನಾಕೆ ತಲೆ ತಗ್ಗಿಸಿ ಕೊನೆಗೆ ಹೋದ. ಅವರೆಲ್ಲ ನಕ್ಕಿದ್ದನ್ನು ಅವನು ನುಂಗಿಕೊಂಡಾನು. ಆದರೆ ಕಾಡಿನ ಅಂಚಿನಲ್ಲಿ, ಎಲ್ಲರ ಜಾಕೆಟ್ಟುಗಳನ್ನು ತೊಡೆಯ ಮೇಲೆ ಗುಡ್ಡೆ ಹಾಕಿಕೊಂಡು ಕೂತಿದ್ದ ಹೆಂಡತಿ ಬಿರ್ಕೆಯೂ ನಕ್ಕಿದ್ದಳು. ಅಷ್ಟು ಜನರ ನಗುವಿನಲ್ಲಿ ಅವಳದೊಂದನ್ನೇ ಅವನ ಕಿವಿ ಹೆಕ್ಕಿಕೊಂಡಿತು.

ಈ ಓಟದ ಕ್ಲಬ್ಬಿಗಾಗಿ ಅವನು ಅಣ್ಣನ ಹಿಟ್ಟಿನ ಗಿರಣಿ ಬಿಟ್ಟು ಬಂದಿದ್ದ. ಅವರ ಊರು ದೆಬ್ರೆ ಬಿರ್ಹಾನ್‌ನಲ್ಲಿ ಓಡದ ಹುಡುಗ ಇಲ್ಲ. ಶಾಲೆ ಬಿಡುವ ತನಕ ಅಸ್ನಾಕೆಯನ್ನು ಯಾರೂ ಹಿಂದೆ ಹಾಕಿರಲಿಲ್ಲ. ಶಾಲೆ ಬಿಟ್ಟಮೇಲೆ ಜವೆಗೋಧಿಯ ಗೋಣಿ ಹೊತ್ತ. ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಹಿಟ್ಟು. ಗೋಣಿ ಇಳಿಸುವಾಗೆಲ್ಲ ಗಿರಣಿಗೆ ಬಂದ ಗಿರಾಕಿಗಳ ಮುಂದೆ ಹೇಳುತ್ತಿದ್ದ: ನಾನು ಓಟಗಾರ, ಇದೆಲ್ಲ ಸದ್ಯಕ್ಕೆ ಅಷ್ಟೇ. ವರ್ಷಗಟ್ಟಲೆ ಹೇಳಿದ. ಕೊನೆಗೊಂದು ದಿನ ಆಡಿದ ಮಾತು ಉಳಿಸಿಕೊಳ್ಳಲೇಬೇಕಾಯಿತು. ಅಣ್ಣ ತಡೆಯಲಿಲ್ಲ, ಬಯ್ಯಲೂ ಇಲ್ಲ. "ಹೋಗು. ಗೋಣಿ ಎಲ್ಲಿಗೂ ಹೋಗಲ್ಲ," ಅಂದ. ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕ್ಲಬ್ಬಿನಲ್ಲಿ ಹೊಸಬರು ಮಳೆಗಾಲ ಮುಗಿಯುವವರೆಗೆ ಸುಮ್ಮನೆ ಸಾಲಿನ ಜೊತೆ ಓಡಬೇಕು. ಹೊಲಗಳಲ್ಲಿ ಹಳದಿ ಹೂ ಬಿಡುವ ಹೊತ್ತಿಗೆ ಕೋಚ್ ಒಬ್ಬರನ್ನೋ ಇಬ್ಬರನ್ನೋ ಆರಿಸಿ ಒಳಗೆ ತೆಗೆದುಕೊಳ್ಳುತ್ತಾನೆ. ಒಳಗೆ ಹೋದವರಿಗೆ ಬಟ್ಟೆ, ಶೂ, ತಿಂಗಳ ಸಂಬಳ, ರಾಜಧಾನಿ ಅಡಿಸ್ ಅಬಾಬಾದಲ್ಲಿ ಓಟ. ಉಳಿದವರಿಗೆ ಕೈ ಕುಲುಕಿ ದೇವರು ಒಳ್ಳೇದು ಮಾಡಲಿ ಅನ್ನುತ್ತಾನೆ. ದೇವರು ಅವರನ್ನು ಗಿರಣಿಗೋ, ಕಲ್ಲು ಒಡೆಯುವುದಕ್ಕೋ ವಾಪಸ್ಸು ಕಳಿಸುತ್ತಾನೆ.

ಅಸ್ನಾಕೆ ನೋಡಿ ಕಲಿತ. ಮುಂದಿನವನ ಹಿಮ್ಮಡಿ ಎಲ್ಲಿ ಬೀಳುತ್ತದೋ ಅಲ್ಲೇ ತನ್ನ ಹೆಜ್ಜೆ ಇಡುವುದು, ಮರಗಳ ನಡುವೆ ಸಾಲು ಹಾವಿನಂತೆ ಹೊರಳಿದರೆ ತಾನೂ ಹೊರಳುವುದು, ಯಾರನ್ನೂ ದಾಟದಿರುವುದು, ಹಿಂದೆ ತಿರುಗಿ ನೋಡದಿರುವುದು. ಬುಡ ಕಂಡರೆ ಬೆರಳು, ಕಲ್ಲು ಕಂಡರೆ ಬೆರಳು, ಇಲಿಯ ಬಿಲ ಕಂಡರೂ ಬೆರಳು. ಸಾಲಿನ ಕೊನೆಯಿಂದ ನಿಧಾನವಾಗಿ ನಡುವಿಗೆ ಬಂದ. ಯಿರ್ಗಾ ಒಂದು ಸಲ "ಪರವಾಗಿಲ್ಲ ಕಣೋ, ಹಿಟ್ಟು ಉದುರ್ತಾ ಇದೆ," ಅಂದಾಗ ಅದನ್ನು ಮನೆಯಲ್ಲಿ ಎರಡು ಸಲ ಹೇಳಿದ. ಬಿರ್ಕೆ ಅವನ ಬೆವರಿನ ಬಟ್ಟೆ ಒಗೆಯುತ್ತಾ ಎರಡು ಸಲವೂ ಹೊಸದೆಂಬಂತೆ ಕೇಳಿದಳು.

ಅವಳು ದಿನಾ ಬರುತ್ತಿದ್ದಳು. ಓಟ ಶುರುವಾಗುವುದು ಊರಿನ ಕಡೆ, ಮುಗಿಯುವುದು ಗುಡ್ಡದ ಆಚೆ ರಸ್ತೆಯಲ್ಲಿ. ಬೆವರಿದ ಮೈಗೆ ಆ ಗಾಳಿ ತಾಗಿದರೆ ಎದೆ ಹಿಡಿದುಕೊಳ್ಳುತ್ತದೆ. ಜಾಕೆಟ್ಟುಗಳು ಅಲ್ಲಿ ಕಾಯುತ್ತಿರಬೇಕು. ಕೋಚ್‌ನ ಹಳೇ ಪಿಕಪ್ಪಿನ ಹಿಂದೆ ಜಾಕೆಟ್ಟು ಹೇರಿಕೊಂಡು ಬಿರ್ಕೆ ರಸ್ತೆ ಸುತ್ತಿ ಆಚೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಸಾಲು ಕಾಡು ಹೊಕ್ಕ ಮೇಲೆ ಪಿಕಪ್ಪು ಕೆಮ್ಮಿ ಕೆಮ್ಮಿ ಸತ್ತಿತು. ಕೋಚ್ ಬೇರೆ ಗಾಡಿ ಹುಡುಕಲು ರಸ್ತೆಗೆ ಓಡಿದ. ಯಾರದೋ ಕುದುರೆ ಗಾಡಿ ಹಿಡಿದು ಗುಡ್ಡದ ಆಚೆ ತಲುಪಿ ನೋಡಿದರೆ ಬಿರ್ಕೆ ಆಗಲೇ ಅಲ್ಲಿದ್ದಳು. ಜಾಕೆಟ್ಟುಗಳನ್ನೆಲ್ಲ ತನ್ನ ಬಿಳಿ ಮೇಲುಹೊದಿಕೆಯಲ್ಲಿ ಗಂಟು ಕಟ್ಟಿ, ಕೂಸು ಕಟ್ಟಿಕೊಂಡಂತೆ ಬೆನ್ನಿಗೆ ಕಟ್ಟಿಕೊಂಡಿದ್ದಳು. ಸಾಲಿನ ಮುಂದಿನವರು ಅವಳ ಕೈಯಿಂದ ಜಾಕೆಟ್ಟು ಇಸಿದುಕೊಳ್ಳುತ್ತಿದ್ದರು. ಹಿಂದಿನವರು ಇನ್ನೂ ಕಾಡಿನಿಂದ ಹೊರಬರುತ್ತಿದ್ದರು. ಅವರಲ್ಲಿ ಅಸ್ನಾಕೆ ಒಬ್ಬ.

"ಯಾವ ದಾರೀಲಿ ಬಂದೆ ತಂಗಿ?" ಕೋಚ್ ಕೇಳಿದ.

"ಇವರ ಹಿಂದೇನೇ. ಕೊನೇಲಿ ಸ್ವಲ್ಪ ಪಕ್ಕಕ್ಕೆ ಬಂದು ದಾಟಿದೆ."

"ಓಡಿಕೊಂಡಾ?"

"ನಡೆದ್ರೆ ಇವರಿಗೆ ಚಳಿ ಆಗ್ತಿತ್ತಲ್ಲ." ಏನೋ ತಪ್ಪಾಗಿದೆ ಎಂದುಕೊಂಡು ಅವಳು ಗಂಡನ ಕಡೆ ನೋಡಿದಳು. ಕಾಲಲ್ಲಿ ಪ್ಲಾಸ್ಟಿಕ್ಕಿನ ಚಪ್ಪಲಿ, ಅದರಲ್ಲಿ ಒಂದರ ಪಟ್ಟಿ ಕಿತ್ತು ಬಂದಿತ್ತು. ಕೋಚ್ ಅವಳ ಕಾಲು ನೋಡಿದ, ಮುಖ ನೋಡಿದ, ಕಿವಿ ಹತ್ತಿರ ತಂದು ಉಸಿರು ಕೇಳಿದ. ಕೇಳುವಂಥದ್ದೇನೂ ಇರಲಿಲ್ಲ. ಸಂತೆಗೆ ಹೋಗಿ ಬಂದವಳ ಉಸಿರು ಅದು.

"ಎಲ್ಲಿ ಕಲಿತೆ ಇದನ್ನ?"

"ಕಲಿಯೋದೇನು? ಚಿಕ್ಕವಳಿದ್ದಾಗ ಇದೇ ಕಾಡಲ್ಲಿ ಸೌದೆ ಆಯ್ತಿದ್ವಿ. ಕಾವಲಿನವರು ಅಟ್ಟಿಸ್ಕೊಂಡು ಬರೋರು. ಹೊರೆ ಬಿಟ್ಟು ಓಡಿದ್ರೆ ಮನೇಲಿ ಒದೆ. ಹೊರೆ ಹೊತ್ತೇ ಓಡ್ಬೇಕು."

ಯಿರ್ಗಾ ಸಿಳ್ಳೆ ಹಾಕಿದ. "ಕೋಚ್, ಅದೇ ಕಾವಲುಗಾರನ್ನ ನಮ್ಮ ಹಿಂದೆನೂ ಬಿಡಿ."

"ನಾಳೆಯಿಂದ ಬಟ್ಟೆ ಬೇರೆ ಯಾರಾದರೂ ಹೊರಲಿ," ಅಂದ ಕೋಚ್, ಅಷ್ಟೇ. ಅಸ್ನಾಕೆ ಜಾಕೆಟ್ಟಿಗೆ ಕೈ ಚಾಚಿದ. ಅವನದು ಗಂಟಿನ ತಳದಲ್ಲಿತ್ತು. ಅವಳ ಬೆನ್ನಿನ ಶಾಖಕ್ಕೆ ಬೆಚ್ಚಗಾಗಿತ್ತು. ಆ ಬಿಸಿ ಅವನ ಮೈಗೆ ಹಿತವಾಯಿತು, ಅದಕ್ಕೇ ಇನ್ನಷ್ಟು ಉರಿಯಿತು.

ಅವಳ ಹಿಂದೆ ಯಾವನಾದರೂ ಬಿದ್ದಿದ್ದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಹಲ್ಲು ಉದುರಿಸುತ್ತಿದ್ದ. ಯಿರ್ಗಾ ಅವಳ ಕಡೆ ಕೆಟ್ಟ ಕಣ್ಣು ಹಾಕಿದ್ದರೂ ಆಗುತ್ತಿತ್ತು, ಆದರೆ ಯಿರ್ಗಾ ಅಂಥವನಲ್ಲ. ಇಲ್ಲಿ ಹೊಡೆಯುವುದಕ್ಕೆ ಯಾರೂ ಇರಲಿಲ್ಲ. ಅವಳ ಎದೆಗೂಡಿನೊಳಗೆ ಏನೋ ಒಂದಿತ್ತು, ತನ್ನಲ್ಲಿ ಇಲ್ಲದ್ದು. ಅದನ್ನು ಅವಳು ದುಡಿದು ಪಡೆದಿರಲಿಲ್ಲ, ಕೇಳಿಯೂ ಪಡೆದಿರಲಿಲ್ಲ, ಅದು ಇದೆ ಎಂದು ಮದುವೆಯಾದಾಗಿನಿಂದ ಒಂದು ಮಾತೂ ಹೇಳಿರಲಿಲ್ಲ. ಅವನು ಓಟದ ಮಾತಾಡುವಾಗೆಲ್ಲ ಸುಮ್ಮನೆ ಕೂತು ಹೂಂಗುಟ್ಟಿದ್ದಳು. ಆ ಹೂಂಗುಟ್ಟುವಿಕೆಯೆಲ್ಲ ಈಗ ಅವನಿಗೆ ಅಣಕದಂತೆ ಕಂಡಿತು.

ಬಿರ್ಕೆಯೂ ಸಾಲಿಗೆ ಸೇರಿದಳು. ಸ್ವಲ್ಪ ದಿನಕ್ಕೆ ಅವಳಿಗೆ ಕ್ಲಬ್ಬಿನಿಂದ ಶೂ ಬಂತು, ಅವಳ ಕಾಲಿನ ಅಳತೆಯದೇ. ಅಸ್ನಾಕೆಯದು ಸಂತೆಯಲ್ಲಿ ಕೊಂಡ ಹಳೇದು, ಬೆರಳಿನ ತುದಿಗೆ ಬಟ್ಟೆ ತುರುಕಿಕೊಂಡದ್ದು. ಕೋಚ್ ಅವನನ್ನು ಪಕ್ಕಕ್ಕೆ ಕರೆದ.

"ನೋಡಪ್ಪ, ಅವಳು ಯಾರ ಹಿಂದೆನೂ ಸರಿಯಾಗಿ ಓಡಲ್ಲ. ಗಂಡಸರ ಹಿಂದೆ ನಾಚ್ಕೊಂಡು ದೂರ ಉಳಿತಾಳೆ. ನೀನು ಅವಳ ಮುಂದೆ ಓಡು. ನಾನು ಹೇಳಿದ ವೇಗ, ಹೆಚ್ಚೂ ಇಲ್ಲ ಕಡಿಮೆನೂ ಇಲ್ಲ. ಅಡಿಸ್ ಅಬಾಬಾದಲ್ಲಿ ಅವಳು ಚೆನ್ನಾಗಿ ಓಡಿದ್ರೆ ಕ್ಲಬ್ಬಿಗೆ ಅವಳನ್ನ ತಗೊಳ್ತೀನಿ. ನಿನ್ನನ್ನೂ ತಗೊಳ್ತೀನಿ, ಅವಳನ್ನ ಓಡಿಸೋನು ಅಂತ."

"ನನ್ನ ಓಟ?"

"ಇದೇ ನಿನ್ನ ಓಟ."

ಅವನು ಒಪ್ಪಿದ. ಒಪ್ಪದೆ ಇನ್ನೇನು ಮಾಡುತ್ತಾನೆ? ಗಿರಣಿಯ ಬಾಗಿಲು ತೆರೆದೇ ಇತ್ತು. ಮನೆಗೆ ಬಂದು ಬಿರ್ಕೆಗೆ ಹೇಳುವಾಗ ತಾನೇ ಕೋಚನ್ನು ಕೇಳಿಕೊಂಡು ಈ ಕೆಲಸ ತೆಗೆದುಕೊಂಡಂತೆ ಹೇಳಿದ. "ನಿನಗೆ ಇನ್ನೊಬ್ಬ ಗಂಡಸಿನ ಹಿಂದೆ ಓಡೋದು ಕಷ್ಟ ಆಗುತ್ತೆ ಅಂತ ನಾನೇ ಹೇಳ್ದೆ." ಅವಳ ಮುಖ ಅರಳಿತು. "ನಾನೂ ಅದನ್ನೇ ಅನ್ಕೊತಿದ್ದೆ," ಅಂದಳು. ಬಡವರ ಮನೆಯಲ್ಲಿ ಒಬ್ಬರಿಗೆ ಒಳ್ಳೇದಾದರೆ ಇನ್ನೊಬ್ಬರು ಕುಣಿಯಬೇಕು ಎಂದು ಯಾರು ಕಟ್ಟಳೆ ಮಾಡಿದ್ದಾರೋ. ಅವನು ಕುಣಿದಂತೆ ಮಾಡಿದ.

ಅಲ್ಲಿಂದ ದಿನಾ ಬೆಳಿಗ್ಗೆ ಅವಳ ಉಸಿರು ಅವನ ಕತ್ತಿನ ಹಿಂದೆ. ಒಲೆಯ ಮುಂದೆ ಕೂತ ಹೆಂಗಸು ಊದುಗೊಳವೆ ಊದುವಂತೆ, ಒಂದೇ ಸಮ, ಅವಸರವಿಲ್ಲ. ಏರು ಬಂದರೂ ಅದೇ, ಇಳಿಜಾರಿನಲ್ಲೂ ಅದೇ. ಅವನ ಕಿವಿ ಮುಂದಿನ ದಾರಿ ಬಿಟ್ಟು ಅದನ್ನೇ ಕೇಳುತ್ತಿತ್ತು. ಒಂದು ಸಲ ಎಡವಟ್ಟಾಗಲಿ, ಒಂದು ಸಲ ಏದಲಿ, ಒಂದೇ ಒಂದು ಸಲ "ಸ್ವಲ್ಪ ನಿಧಾನ" ಅನ್ನಲಿ ಎಂದು ಕಾಯುತ್ತಿದ್ದ. ಅವಳು ಏದಲಿಲ್ಲ. ಅನ್ನಲೂ ಇಲ್ಲ.

ಒಂದು ದಿನ ಏರಿನಲ್ಲಿ ಅವನು ಬೇಕೆಂದೇ ಕಾಲು ಬಿಚ್ಚಿದ. ಹೇಳಿದ ವೇಗ ಗಾಳಿಗೆ ಹೋಯಿತು. ನೀಲಗಿರಿಯ ಒಣ ತೊಗಟೆ ಕಾಲ ಕೆಳಗೆ ಪಟಪಟ ಮುರಿಯಿತು. ನೋಡೋಣ, ಎಲ್ಲಿ ತನಕ ಬರುತ್ತಾಳೋ. ಹಿಂದಿನ ಊದುಗೊಳವೆ ಒಂಚೂರು ಜೋರಾಯಿತು, ಬಿಡಲಿಲ್ಲ. ಗುಡ್ಡದ ನೆತ್ತಿ ಕಾಣುವಷ್ಟರಲ್ಲಿ ಅವನ ಹೊಟ್ಟೆಯ ಪಕ್ಕದಲ್ಲಿ ಚಾಕು ಹಾಕಿದಂತಾಯಿತು, ಬಾಯಲ್ಲಿ ಕಬ್ಬಿಣದ ರುಚಿ ಬಂತು, ಕಾಲು ಕಟ್ಟಿಕೊಂಡಿತು. ಅವನು ನಿಂತ. ಅವಳು ಸಾಲಿನ ನಿಯಮ ಮುರಿಯದೆ ಅವನ ಹಿಂದೆ ನಿಂತಲ್ಲೇ ಕಾಲು ಎತ್ತಿ ಎತ್ತಿ ಹಾಕುತ್ತಿದ್ದಳು.

"ನೋವಾಯ್ತಾ?" ಎಂದು ಕೇಳಿದಳು. ನಿಜವಾಗಿಯೂ ಕೇಳಿದಳು, ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಕೋಚ್ ಎಲ್ಲರೆದುರು ಬಯ್ದ. "ನಿನ್ನನ್ನ ಓಡೋಕೆ ಇಟ್ಟಿಲ್ಲ ಕಣಯ್ಯಾ. ಅವಳನ್ನ ಓಡಿಸೋಕೆ ಇಟ್ಟಿದೀನಿ. ಅಷ್ಟು ಓಡಬೇಕು ಅಂತಿದ್ರೆ ರಸ್ತೆ ಅಗಲವಾಗಿದೆ."

ಓಟ ಮುಗಿದ ಮೇಲೆ ಎಲ್ಲರೂ ಫಂತಾಯೆಯ ಚಿಕ್ಕಮ್ಮನ ಅಂಗಡಿಯಲ್ಲಿ ಕೂರುತ್ತಿದ್ದರು. ದೊಡ್ಡ ತಟ್ಟೆಯ ತುಂಬ ಹಾಸಿದ ದೋಸೆಯಂಥ ಇಂಜೆರಾ, ನಡುವೆ ಕಡಲೆಹಿಟ್ಟಿನ ಕೆಂಪು ಗೊಜ್ಜು, ಸುತ್ತ ಐದಾರು ಕೈ. ಯಿರ್ಗಾ ಒಂದು ತುತ್ತು ಸುತ್ತಿ ಬಿರ್ಕೆಯ ಬಾಯಿಗೆ ಹಿಡಿದ. ಜೊತೆಯಲ್ಲಿ ಉಣ್ಣುವಾಗ ಒಬ್ಬರ ಬಾಯಿಗೊಬ್ಬರು ತುತ್ತಿಡುವುದು ಇದ್ದದ್ದೇ. ಫಂತಾಯೆ ಅವನ ಕೈಗೆ ಫಟ್ಟನೆ ಹೊಡೆದಳು.

"ಕೈ ತೆಗಿ. ಬಿರ್ಕೆ, ಇನ್ಮೇಲೆ ಯಾರ ಕೈಯಿಂದನೂ ತಿನ್ಬೇಡ ಕಣೇ. ಎಲ್ಲರ ಕಣ್ಣೂ ನಿನ್ನ ಕಾಲ ಮೇಲಿದೆ. ಯಾರ ಹೊಟ್ಟೇಲಿ ಏನಿದೆ ಯಾರಿಗೆ ಗೊತ್ತು? ತಿಂದ್ರೆ ಗಂಡನ ಕೈಯಿಂದ ತಿನ್ನು."

"ನನ್ನ ಹೊಟ್ಟೇಲಿ ಹಸಿವಿದೆ, ಅಷ್ಟೇ," ಎಂದು ಯಿರ್ಗಾ ಆ ತುತ್ತು ತಾನೇ ತಿಂದ. "ಅಸ್ನಾಕೆ, ಹಾಕಪ್ಪಾ, ನಮ್ಮ ರಾಣಿಗೆ ನೀನೇ ಹಾಕು."

ಎಲ್ಲರೂ ಅವನ ಕೈ ನೋಡುತ್ತಿದ್ದರು. ಅವನು ಬೇಕೆಂದೇ ದೊಡ್ಡ ತುತ್ತು ಮಾಡಿದ, ಖಾರ ಮೆತ್ತಿ ಮೆತ್ತಿ ಮಾಡಿದ. ಅವಳ ಬಾಯಿಗೆ ತುರುಕಿದ. ಬಿರ್ಕೆಯ ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಅಗಿಯುತ್ತಲೇ ನಕ್ಕಳು. "ಎಷ್ಟು ಪ್ರೀತಿ ನೋಡ್ರಪ್ಪಾ," ಅಂದಳು ಫಂತಾಯೆ. ತಟ್ಟೆಯ ಸುತ್ತ ಕೂತವರೆಲ್ಲ ನಕ್ಕರು. ಅಸ್ನಾಕೆಯೂ ನಕ್ಕ.

ಹೂವು ಬಿಡುವ ದಿನ ಹತ್ತಿರವಾಯಿತು. ಹೊಲದ ಬದುಗಳಲ್ಲಿ ಹಳದಿ ಅಲ್ಲೊಂದು ಇಲ್ಲೊಂದು ಕಾಣತೊಡಗಿತು. ಗಿರಣಿಗೆ ಹಿಟ್ಟು ಬೀಸಿಸಲು ಹೋದ ಬಿರ್ಕೆ ಬಂದು, "ನಿನ್ನಣ್ಣ ಕೇಳಿದ್ರು," ಅಂದಳು.

"ಏನಂತ?"

"ನಮ್ಮನೆ ಓಟಗಾರ ಹೇಗಿದಾನೆ ಅಂತ. ಅಲ್ಲಿದ್ದ ಹೆಂಗಸರೆಲ್ಲ, ಓಡೋಳು ಇವಳೇ ಅಲ್ವಾ ಅಂದ್ರು. ಅದಕ್ಕೆ ಅಣ್ಣ ನಕ್ಕು ನಕ್ಕು..." ಅವಳು ಅವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಹಿಟ್ಟಿನ ಚೀಲ ಇಳಿಸಿ ನೀರಿಗೆ ಹೋದಳು. ಆ ಚೀಲದ ವಾಸನೆ ಇಡೀ ಮನೆ ತುಂಬಿತು.

ಮರುದಿನ ಬೆಳಿಗ್ಗೆ ಮಂಜಿತ್ತು. ಕೋಚ್ ಆ ದಿನ ಅಸ್ನಾಕೆಯನ್ನು ಸಾಲಿನ ತಲೆಗೇ ಹಾಕಿದ. ಅವನ ಹಿಂದೆ ಬಿರ್ಕೆ, ಅವಳ ಹಿಂದೆ ಫಂತಾಯೆ, ಆಮೇಲೆ ಯಿರ್ಗಾ ಮತ್ತು ಉಳಿದವರು. "ಅವಳನ್ನ ಇವತ್ತು ಏರಲ್ಲಿ ಗಟ್ಟಿಯಾಗಿ ಎಳಿ. ನಾನು ಮೇಲೆ ನಿಂತು ನೋಡ್ತೀನಿ. ಇದಾದ್ಮೇಲೆ ಅಡಿಸ್ ಅಬಾಬಾಕ್ಕೆ ಹೆಸರು ಕಳಿಸೋದೇ." ಯಾರ ಹೆಸರು ಎಂದು ಅವನು ಹೇಳಲಿಲ್ಲ, ಅಸ್ನಾಕೆ ಕೇಳಲೂ ಇಲ್ಲ.

ಕಾಡಿನೊಳಗೆ ಮರಗಳು ಹತ್ತು ಮಾರು ದೂರದಲ್ಲಿ ಮಂಜಿಗೆ ಕರಗುತ್ತಿದ್ದವು. ಅವನು ಬೆರಳು ತೋರಿಸುತ್ತಾ ಓಡಿದ. ಕಲ್ಲು, ಬೆರಳು. ಬೇರು, ಬೆರಳು. ಹಿಂದೆ ಊದುಗೊಳವೆ. ಓಡೋಳು ಇವಳೇ ಅಲ್ವಾ. ಅಣ್ಣ ನಕ್ಕು ನಕ್ಕು ಏನಂದ? ಅವಳು ಅದನ್ನು ಹೇಳದೆ ನುಂಗಿದ್ದು ಯಾಕೆ, ಕನಿಕರಕ್ಕಾ? ಕಲ್ಲು, ಬೆರಳು. ಏರು ಶುರುವಾಯಿತು. ಈಚೆಗೆ ಯಾರೋ ಕಂಬಕ್ಕೆಂದು ಮರ ಕಡಿದುಕೊಂಡು ಹೋದ ಜಾಗ ಬಂತು. ಹುಲ್ಲು ಮೊಣಕಾಲೆತ್ತರ. ಅದರೊಳಗೆ ಕೊಡಲಿ ಏಟಿಗೆ ಓರೆಯಾಗಿ ಚೂಪಾದ ಬುಡ, ಹೊಸ ಕಟ್ಟಿಗೆಯ ಬಿಳಿ ಬಣ್ಣ.

ಅವನು ಅದನ್ನು ಕಂಡ. ಕಂಡಮೇಲೆ ಕೈ ಹಿಂದಕ್ಕೆ ಹೋಗಬೇಕು, ಅದು ಈಗ ಅಭ್ಯಾಸವಾಗಿಬಿಟ್ಟಿತ್ತು, ಯೋಚಿಸಬೇಕಾದದ್ದೇನೂ ಇರಲಿಲ್ಲ. ಕೈಯನ್ನು ತಡೆಯುವುದಕ್ಕೇ ಅವನು ಯೋಚಿಸಬೇಕಾಯಿತು. ತಡೆದ. ಹೆಜ್ಜೆ ಒಂಚೂರು ಗಿಡ್ಡ ಮಾಡಿ ಎಡಕ್ಕೆ ಜಿಗಿದು ದಾಟಿದ. ಈಗ. ಈಗ ಬೀಳುತ್ತಾಳೆ. ಈಗ ಆ ಉಸಿರು ಕಡಿಯುತ್ತದೆ.

ಹಿಂದೆ ಒಂದು ಹೆಜ್ಜೆ ಗಿಡ್ಡವಾಯಿತು, ಎಡಕ್ಕೆ ಜಿಗಿಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಒಂದಾದಮೇಲೊಂದು ಇಡೀ ಸಾಲಿನ ಕಾಲುಗಳು ಆ ಬುಡದ ಹತ್ತಿರ ಬಂದು, ಗಿಡ್ಡವಾಗಿ, ಜಿಗಿದು, ಮತ್ತೆ ಹದಕ್ಕೆ ಬಂದವು. ಯಾರೂ ಬೀಳಲಿಲ್ಲ. ಊದುಗೊಳವೆ ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು. ಅವಳು ಉಸಿರು ಹಿಡಿದಿದ್ದಳು. ಆಮೇಲೆ ಮತ್ತೆ ಶುರುವಾಯಿತು, ಮೊದಲಿನ ಹಾಗೆಯೇ, ಆದರೆ ಮೊದಲಿಗಿಂತ ಒಂದು ಮಾರು ಹಿಂದೆ.

ಮೇಲೆ ಕೋಚ್ ಕೈಗಡಿಯಾರ ನೋಡಿ ಹಲ್ಲು ಕಾಣುವಂತೆ ನಕ್ಕ. ಅವನು ನಕ್ಕಿದ್ದನ್ನು ಅಸ್ನಾಕೆ ನೋಡಿದ್ದು ಅದೇ ಮೊದಲು.

ಅಂಗಡಿಯಲ್ಲಿ ಚಹಾ ಕುಡಿಯುವಾಗ ಫಂತಾಯೆ ಕೆಣಕಿದಳು. "ಅಸ್ನಾಕೆ, ನಿನ್ನ ಕೈಗೆ ಇವತ್ತು ಚಳಿ ಹಿಡಿದಿತ್ತಾ? ಆ ಚೂಪು ಬುಡದ ಹತ್ರ ಏಳಲೇ ಇಲ್ಲ. ಬಿರ್ಕೆ ಕೈ ಕಂಡಿದ್ದಕ್ಕೆ ನಾನು ಉಳಿದೆ. ಇಲ್ದಿದ್ರೆ ಇಷ್ಟೊತ್ತಿಗೆ ನನ್ನ ಮೊಣಕಾಲು ಚಿಪ್ಪು ನೀವೆಲ್ಲ ಹುಲ್ಲಲ್ಲಿ ಹುಡುಕ್ತಿದ್ರಿ."

ಅಸ್ನಾಕೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ತೋರಿಸಿದ," ಅಂದಳು ಬಿರ್ಕೆ. "ನಾನು ನೋಡಿದೆ."

"ನನಗ್ಯಾಕೆ ಕಾಣಲಿಲ್ಲ?"

"ಮಂಜಿತ್ತಲ್ಲ."

"ಒಂದು ಮಾರು ದೂರಕ್ಕೆ ಎಂಥಾ ಮಂಜೇ?"

"ತೋರಿಸಿದ ಅಂದೆನಲ್ಲ ಫಂತಾಯೆ. ಸಕ್ಕರೆ ಕೊಡು ಇತ್ತ." ಅವಳು ಸಕ್ಕರೆ ಹಾಕಿಕೊಂಡು ಬಹಳ ಹೊತ್ತು ಕಲಕಿದಳು. ಗಂಡನ ಕಡೆ ನೋಡಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವನೇ ಮಾತಾಡಿದ. ಅವನು ಕೋಚ್ ನಕ್ಕಿದ್ದರ ಬಗ್ಗೆ ಹೇಳಿದ, ಅಡಿಸ್ ಅಬಾಬಾದ ಬಗ್ಗೆ ಹೇಳಿದ, ಹೊಸ ಶೂ ಬಂದರೆ ಹಳೇದನ್ನು ಯಾರಿಗೆ ಕೊಡುವುದೆಂದು ಹೇಳಿದ. ಅವನ ಮಾತು ಅವನ ಕಿವಿಗೇ ಸಂತೆಯವನ ಕೂಗಿನಂತೆ ಕೇಳುತ್ತಿತ್ತು. ಮನೆಯಲ್ಲಿ ಅವಳು ಒಲೆ ಹಚ್ಚಿದಳು, ಇಂಜೆರಾ ಹಾಸಿದಳು, ಎದುರು ಕೂತಳು. ಅವನು ತುತ್ತು ಸುತ್ತಿದ, ಸಣ್ಣದು, ಖಾರ ಕಡಿಮೆ ಹಾಕಿ, ಚೊಕ್ಕವಾಗಿ. ಅವಳ ಬಾಯಿಯ ಹತ್ತಿರ ತಂದ.

"ನನಗೆ ಕೈಯಿದೆ," ಅಂದಳು.

ಅವನು ತುತ್ತನ್ನು ತಟ್ಟೆಯ ಅಂಚಿಗೆ ಇಟ್ಟ. "ಮರೆತೆ ಬಿರ್ಕೆ. ಮಂಜಲ್ಲಿ ಕಾಣಲಿಲ್ಲ."

"ಕಂಡಿತು."

"ನಿನಗೇನು ಗೊತ್ತು?"

"ಮೂರು ವರ್ಷದಿಂದ ಸಂತೆಗೆ, ಗುಡಿಗೆ, ನೀರಿಗೆ ನಿನ್ನ ಹಿಂದೆ ನಡೆದಿದೀನಿ. ನೀನು ಹೆಜ್ಜೆ ಗಿಡ್ಡ ಮಾಡಿದೆ. ಕೈ ನೋಡಿದೆ, ಬರಲಿಲ್ಲ. ಕಾಲು ನೋಡಿದೆ, ಕಾಲು ಜಿಗೀತು. ಆಮೇಲೆ ನಾನೂ ಜಿಗಿದೆ." ಅವಳ ದನಿ ಏರಲಿಲ್ಲ. ಅಕ್ಕಪಕ್ಕದವರ ಸುದ್ದಿ ಹೇಳುವಂತೆ ಹೇಳಿದಳು. "ನಾನು ಬಿದ್ರೆ ಬೀಳ್ತಿದ್ದೆ. ಹಿಂದೆ ಆ ಹುಡುಗಿ ಇದ್ಲಲ್ಲ."

ಅವನಿಗೆ ಬಯ್ಯಬೇಕೆನ್ನಿಸಿತು. ಬಯ್ಯುವುದಕ್ಕೆ ಮಾತುಗಳೂ ಇದ್ದವು: ನಾನಿಲ್ಲದಿದ್ದರೆ ನೀನು ಯಾರು, ಈ ಕಾಡಿಗೆ ನಿನ್ನನ್ನು ಕರೆದುಕೊಂಡು ಬಂದವರು ಯಾರು, ಜಾಕೆಟ್ಟು ಹೊರುವವಳು ನೀನು. ಎಲ್ಲ ಬಾಯಿಯ ತನಕ ಬಂದವು. ಅವಳು ಉಣ್ಣುತ್ತಿದ್ದಳು. ಓಡಿ ಬಂದವರ ಹಸಿವಿನಿಂದ, ಗಬಗಬ, ತಲೆಯೆತ್ತದೆ ಉಣ್ಣುತ್ತಿದ್ದಳು. ಅಷ್ಟು ನಿರಾಳವಾಗಿ ಉಣ್ಣುವುದಕ್ಕೂ ಅವನಿಗೆ ಹೊಟ್ಟೆಕಿಚ್ಚಾಯಿತು.

ಮರುದಿನ ಅವಳು ಅವನಿಗಿಂತ ಮೊದಲೇ ಎದ್ದು ಹೋಗಿದ್ದಳು. ಅವನು ಕಾಡಿನ ಅಂಚಿಗೆ ಬಂದಾಗ ಸಾಲು ಕಟ್ಟುತ್ತಿತ್ತು. ಬಿರ್ಕೆ ಯಿರ್ಗಾನ ಹಿಂದೆ ನಿಂತಿದ್ದಳು. ದೂರ ಇರಲಿಲ್ಲ, ನಾಚಿಕೆಯೂ ಕಾಣಲಿಲ್ಲ. ಯಿರ್ಗಾ ಅಸ್ನಾಕೆಯನ್ನು ನೋಡಿ ನನಗೇನೂ ಗೊತ್ತಿಲ್ಲಪ್ಪಾ ಎಂಬಂತೆ ಎರಡೂ ಕೈ ಅಗಲಿಸಿದ.

"ಏನಮ್ಮಾ ಇದು?" ಕೋಚ್ ಕೇಳಿದ. "ನಿನ್ನ ಜಾಗ ಇದಲ್ಲವಲ್ಲ."

"ಇನ್ಮೇಲೆ ಇವರ ಹಿಂದೆ ಓಡ್ತೀನಿ ಕೋಚ್."

"ಗಂಡ ಹೆಂಡತಿ ಜಗಳನ ನನ್ನ ಸಾಲಿಗೆ ತರಬೇಡಿ."

"ಜಗಳ ಏನೂ ಇಲ್ಲ."

ಕೋಚ್ ಅಸ್ನಾಕೆಯ ಮುಖ ನೋಡಿದ. ಅಸ್ನಾಕೆ ಬಿರ್ಕೆಯ ಮುಖ ನೋಡಿದ. ಹೇಳಿಬಿಡಲಿ ಎಂದು ಅವನು ಕಾದ. ಎಲ್ಲರೆದುರು ಹೇಳಿದರೆ ಸುಳ್ಳು ಅನ್ನಬಹುದಿತ್ತು, ಕೂಗಾಡಬಹುದಿತ್ತು, ಹೆಂಗಸಿನ ಮಾತು ಕೇಳುತ್ತೀರಾ ಅನ್ನಬಹುದಿತ್ತು. ಅವಳು ಬಗ್ಗಿ ಶೂವಿನ ದಾರ ಬಿಗಿ ಮಾಡಿಕೊಂಡಳು. ಫಂತಾಯೆ ಮಾತ್ರ ಒಬ್ಬರಿಂದ ಒಬ್ಬರಿಗೆ ಕಣ್ಣು ಹಾಯಿಸಿದಳು. ಅವಳ ಬಾಯಿ ನಿಧಾನಕ್ಕೆ ತೆರೆದು ಮುಚ್ಚಿಕೊಂಡಿತು. ಆ ಬೆಳಿಗ್ಗೆ ಅವಳು ಒಂದು ತಮಾಷೆಯನ್ನೂ ಮಾಡಲಿಲ್ಲ.

"ಸರಿ," ಅಂದ ಕೋಚ್ ಕೊನೆಗೆ. "ಯಿರ್ಗಾ, ನಿನ್ನೆಯ ವೇಗಾನೇ." ಆಮೇಲೆ ಅಸ್ನಾಕೆಯ ಕಡೆ ತಿರುಗಿ, ಮಾತು ಹುಡುಕುವವನಂತೆ ಹೊದಿಕೆ ಸರಿಮಾಡಿಕೊಂಡ. "ನೀನು... ನೀನು ಹಿಂದೆ ಎಲ್ಲಾದ್ರೂ ಸೇರ್ಕೋ." ನಾಳೆಯ ಬಗ್ಗೆ ಅವನು ಏನೂ ಹೇಳಲಿಲ್ಲ. ಹೆಸರಿನ ಬಗ್ಗೆಯೂ ಹೇಳಲಿಲ್ಲ.

ಸಾಲು ಹೊರಟಿತು. ಅಸ್ನಾಕೆ ಕೊನೆಗೆ ಸೇರಿಕೊಂಡ. ಅವನ ಮುಂದೆ ಇದ್ದದ್ದು ಅಂದೇ ಬಂದಿದ್ದ ಹೊಸಬ, ಕಾಲು ಎಲ್ಲೆಲ್ಲೋ ಹಾಕುತ್ತಿದ್ದ. ಬಹಳ ಮುಂದೆ, ಮರಗಳ ನಡುವೆ ಸಾಲು ಹೊರಳಿದಾಗೊಮ್ಮೆ ಬಿರ್ಕೆ ಕಾಣುತ್ತಿದ್ದಳು. ಯಿರ್ಗಾನ ಕೈ ಹಿಂದಕ್ಕೆ ಬರುತ್ತಿತ್ತು, ಅವಳ ಕೈ ಹಿಂದಕ್ಕೆ ಹೋಗುತ್ತಿತ್ತು. ಇಲ್ಲಿಗೆ ಅವಳ ಉಸಿರು ಕೇಳಿಸುತ್ತಿರಲಿಲ್ಲ. ಅವನ ಕಿವಿ ಸುಮ್ಮನಿರದೆ ಅದನ್ನೇ ಹುಡುಕುತ್ತಿತ್ತು.

ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಕಡೆ ಎಡಗಡೆಯಿಂದ ಕುರಿಮಂದೆ ಬಂತು. ಸಾಲಿನ ಮುಂದಿನವರು ದಾಟಿಯಾಗಿತ್ತು. ಕುರಿಗಳು ಸಾಲಿನ ನಡುವೆ ನುಗ್ಗಿ ಅದನ್ನು ಎರಡು ಮಾಡಿದವು. ಹಿಂದಿನವರು ನಿಂತಲ್ಲೇ ಕಾಲು ಎತ್ತಿ ಹಾಕತೊಡಗಿದರು. ಮುಂದಿನವರು ಕಾಯುವ ಪದ್ಧತಿಯಿಲ್ಲ. ಅವರು ಹಳದಿ ಹೂವಿನ ಬದು ಹಿಡಿದು ಗುಡ್ಡ ಏರುತ್ತಾ ಹೋದರು, ಸಣ್ಣಗಾಗುತ್ತಾ ಹೋದರು.

"ಅಜ್ಜಿ, ಬೇಗ ಹೊಡಿ," ಎಂದು ಹೊಸಬ ಕೂಗಿದ.

ಮಂದೆಯ ಹಿಂದೆ ಬರುತ್ತಿದ್ದ ಮುದುಕಿ ಕಂಬಳಿ ಹೊದ್ದುಕೊಂಡಿದ್ದಳು. ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ನಡೆಯುತ್ತಲೇ ಉಣ್ಣೆ ನೂಲುತ್ತಿದ್ದಳು. "ಅವಕ್ಕೆ ಅವಸರ ಇಲ್ಲಪ್ಪಾ," ಅಂದಳು.

ಅಸ್ನಾಕೆ ಕುರಿಗಳ ಈಚೆ ಕಾಲು ಎತ್ತಿ ಎತ್ತಿ ಹಾಕುತ್ತಿದ್ದ. ಇಬ್ಬನಿಯಿಂದ ತೊಯ್ದ ಉಣ್ಣೆಯ ವಾಸನೆ ಬರುತ್ತಿತ್ತು. ಒಂದು ಮರಿ ದಾರಿಯ ನಡುವೆ ನಿಂತು ಅವನನ್ನೇ ನೋಡಿ ಮೇವು ಮೆಲುಕು ಹಾಕಿತು. ಅದರ ಹಿಂದೆ ಇನ್ನೂ ಕುರಿಗಳು ಕಾಡಿನಿಂದ ಬರುತ್ತಲೇ ಇದ್ದವು.